ಕಾಫಿಯ ಷರತ್ತು

4 ಆಗಸ್ಟ್ 2024, ರವಿವಾರ

ಇವತ್ತು ನಾನು ಗೆದ್ದೆ. ಅರ್ಧ ಗೆದ್ದೆ ಎಂದು ಬರೆಯುವುದು ಹೆಚ್ಚು ಪ್ರಾಮಾಣಿಕ.

ಬೆಳಿಗ್ಗೆ ನಂದಾ ಅತ್ತಿ ಹುಕ್ಕೇರಿಯಿಂದ ಬಂದಳು, ಚೀಲದಲ್ಲಿ ಒಂದು ಬಯೋಡೇಟಾ ಇಟ್ಟುಕೊಂಡು. ಈಕೆ ಅಪ್ಪನ ತಂಗಿ. ಕೊಣ್ಣೂರಿನ ನಮ್ಮ ಓಣಿಯಲ್ಲಿ ಈಕೆ ಕೂಡಿಸಿದ ಜೋಡಿ ಇಲ್ಲದ ಮನೆಯಿಲ್ಲ. ಹುಡುಗನ ಪಗಾರ, ಹುಡುಗನ ಎತ್ತರ ಎಲ್ಲ ಹೇಳಿ ಮುಗಿಸಿ, "ಯಶೋ, ಅವ್ರು ನೋಡಾಕ ಬಂದ ದಿನ ಸೀರಿ ಉಟ್ಟು, ಚಹಾದ ಟ್ರೇ ಹಿಡ್ಕೊಂಡು ಸಾವಕಾಶ ಬಾ. ನೀ ನಡದ್ರ ಪೊಲೀಸ್ ಪರೇಡ್ ನೋಡಿದಂಗ ಆಕ್ಕೈತಿ," ಎಂದಳು.

"ಟ್ರೇ ನಾ ಹಿಡಿಯಂಗಿಲ್ಲ ಅತ್ತಿ."

"ಮತ್ಯಾರ್ ಹಿಡಿತಾರ? ನಿಮ್ಮಪ್ಪ?"

"ಬಂದ ಹುಡುಗ. ಅಂವಾ ಅಡಗಿಮನಿಗೆ ಹೋಗಿ ಮಾಡ್ಕೊಂಡ್ ಬರ್ಲಿ. ನಾ ಕುರ್ಚಿ ಮ್ಯಾಲ ಕುಂತು ನೋಡ್ತೇನಿ."

ಅತ್ತಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಅಪ್ಪ ನಗಲಿಲ್ಲ. ನಗುವಂತಿಲ್ಲ. ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಯ ದಿನ ಬಿಳಿ ಅಂಗಿ ಹಾಕಿಕೊಂಡು ಬುದ್ಧವಿಹಾರದ ಮೈಕಿನ ಮುಂದೆ ಹೆಣ್ಣುಮಕ್ಕಳ ಸಮಾನತೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದವನು ಅವನೇ. ನಾನು ಓದಿದ ಮೊದಲ ಕರಪತ್ರವೂ ಅವನ ಅಂಗಿಯ ಕಿಸೆಯಲ್ಲಿ ಸಿಕ್ಕಿದ್ದು.

"ಚಹಾ ಮಾಡೂದು ಏನ್ ದೊಡ್ಡ ಪರೀಕ್ಷಾ?" ಎಂದ ಅಪ್ಪ. "ಹಾಸ್ಟೆಲಿನ್ಯಾಗ ಓದಿದವ್ರೆಲ್ಲಾ ಮಾಡ್ತಾರ."

ಆಗಲೇ ನನಗೆ ಹೊಳೆದದ್ದು. "ಹಂಗಾರ ಕಾಫಿ," ಎಂದೆ. ನಮ್ಮ ಕಡೆ ಕಾಫಿ ಯಾರಿಗೆ ಬರುತ್ತದೆ? ಅವನಿಗೂ ಹೊಸದು, ನಮಗೂ ಹೊಸದು. ಯಾರ ಅವ್ವನೂ ಯಾರ ಮಗಳಿಗೂ ಕಲಿಸಿರದ ಕೆಲಸ. ಇದಕ್ಕಿಂತ ಸಮತಟ್ಟಾದ ನೆಲ ಎಲ್ಲಿ ಸಿಕ್ಕೀತು?

ಅಪ್ಪ ಬಹಳ ಹೊತ್ತು ಮೀಸೆ ತಿರುವಿದ. ಕೊನೆಗೆ, "ಮೂರು ಮಂದಿ," ಎಂದ. "ದಸರಾದೊಳಗ ಮೂರು ಮಂದಿಗೆ ನಿನ್ನ ಷರತ್ತು. ಅವ್ರು ಒಲ್ಲೆ ಅಂದ್ರೂ ಅಷ್ಟ, ನೀ ಒಲ್ಲೆ ಅಂದ್ರೂ ಅಷ್ಟ. ನಾಕನೇದವ್ರಿಗೆ ಟ್ರೇ ನೀನ ಹಿಡೀಬೇಕು. ಆಮ್ಯಾಲ ಭಾಷಣ ಇಲ್ಲ."

ಅವನ ಕೈ ಮೇಲೆ ಕೈ ಹಾಕಿ ಮಾತು ಕೊಟ್ಟೆ.

ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ಕೇಳಲಿಲ್ಲ. ಕೇಳುವ ಅಗತ್ಯವೂ ಇಲ್ಲ. ನಾನು ಹೋರಾಡುತ್ತಿರುವುದೇ ಅವಳಂಥವರಿಗಾಗಿ.

6 ಆಗಸ್ಟ್, ಮಂಗಳವಾರ

ಘಟಪ್ರಭಾ ಸ್ಟೇಷನ್ನಿನ ಬಾಜೂ ಇರುವ ನಮ್ಮ ಪ್ರೆಸ್ಸಿನಲ್ಲಿ ಇಂದು ಬೆಳಗಿನಿಂದ ಲಗ್ನಪತ್ರಿಕೆಗಳೇ. ದಿನವೂ ನಾನು ಕಂಪೋಸ್ ಮಾಡುವುದು ಎರಡೇ ಬಗೆಯ ಕಾಗದ: ಜಗತ್ತನ್ನು ಬದಲಿಸಿರೆಂದು ಕರೆಯುವ ಕರಪತ್ರ, ಜಗತ್ತು ಹೀಗೇ ಇರಲೆಂದು ಹರಸುವ ಲಗ್ನಪತ್ರಿಕೆ. ಊಟದ ಬಿಡುವಿನಲ್ಲಿ ಮೂರನೆಯ ಬಗೆಯದೊಂದನ್ನು ಮಾಡಿದೆ.

ಒಂದು: ವಧು ಟ್ರೇ ಹಿಡಿಯುವುದಿಲ್ಲ. ಎರಡು: ವರನು ವಧುವಿನ ಮನೆಯ ಅಡುಗೆಮನೆಯಲ್ಲಿ ಸ್ವತಃ ಕಾಫಿ ಮಾಡಿ ಎಲ್ಲರಿಗೂ ಕೊಡತಕ್ಕದ್ದು. ಮೂರು: ಆ ಹೊತ್ತಿನಲ್ಲಿ ವಧು ಕುರ್ಚಿಯ ಮೇಲೆ ಕುಳಿತಿರುತ್ತಾಳೆ.

ಉಳಿದ ಕಾಗದದ ತುಂಡುಗಳಲ್ಲಿ ಹನ್ನೊಂದು ಪ್ರತಿ ತೆಗೆದೆ. ಬೈಂಡಿಂಗ್ ಮಾಡುವ ಮಯೂರಿ ಓದಿ, ಅಂಟು ಮೆತ್ತಿದ ಬೆರಳನ್ನೇ ನನ್ನ ಮುಖದ ಮುಂದೆ ಆಡಿಸಿದಳು. "ಅಲ್ಲಽ ತಾಯಿ, ಪೇಪರ್ ತಗದಾಕಿ ನೀನು. ಉತ್ತರ ನಿನಗರ ಬರ್ತೈತೇನು? ಕಾಫಿ ಕುಡದೀಯಾ ಯಾವತ್ತಾರ?"

ಬೆಳಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಕುಡಿದಿದ್ದೇನೆ. ನಾಲಿಗೆ ಸುಟ್ಟದ್ದು ನೆನಪಿದೆ, ರುಚಿ ನೆನಪಿಲ್ಲ. ಪರೀಕ್ಷಕರು ಮೊದಲು ಪಾಸಾಗಬೇಕು. ಕಲಿಯುತ್ತೇನೆ.

8 ಆಗಸ್ಟ್, ಗುರುವಾರ

ಗೋಕಾಕದ ಬಜಾರದಲ್ಲಿ ನಾಲ್ಕನೆಯ ಅಂಗಡಿಯಲ್ಲಿ ಪುಡಿ ಸಿಕ್ಕಿತು. ಅಂಗಡಿಯವನು, "ಮನ್ಯಾಗ ಮೈಸೂರ ಕಡೆ ಬೀಗರು ಬಂದಾರೇನ್ರಿ?" ಎಂದು ಕೇಳಿದ.

ಚಹಾ ಮಾಡಿದ ಹಾಗೆಯೇ ಮಾಡಿದೆ. ನೀರು, ಹಾಲು, ಸಕ್ಕರೆ, ಜಜ್ಜಿದ ಶುಂಠಿ, ಎರಡು ಯಾಲಕ್ಕಿ, ಎರಡು ಚಮಚ ಪುಡಿ. ಹತ್ತು ನಿಮಿಷ ಕುದಿಸಿದೆ. ಅಪ್ಪ ಒಂದು ಗುಟುಕು ಕುಡಿದು, "ನೆಗಡಿ ಬಂದಾಗ ಮಾಡ್ಕೊಡವ್ವಾ," ಎಂದ. ಎರಡನೆಯ ಗುಟುಕು ಕುಡಿಯಲಿಲ್ಲ.

ಪಾತ್ರೆ ತಳ ಹಿಡಿದಿತ್ತು. ಅವ್ವ ಬೂದಿ ಹಾಕಿ ತಿಕ್ಕಿದಳು.

ಕಲಿತದ್ದು: ಕಾಫಿಯನ್ನು ಕುದಿಸಬಾರದು. ಶುಂಠಿ ಬೇಡ.

12 ಆಗಸ್ಟ್, ಸೋಮವಾರ

ಮಯೂರಿಯ ವೈನಿ, ಅವಳ ಅಣ್ಣನ ಹೆಂಡತಿ, ಹಾಸನದವಳು. ಅವಳ ಸ್ಟೀಲ್ ಫಿಲ್ಟರು ಎರವಲು ಸಿಕ್ಕಿದೆ. ಒಂದರ ಮೇಲೊಂದು ಕೂರುವ ಎರಡು ಡಬ್ಬಿ. ಮೇಲಿನದರ ತಳದಲ್ಲಿ ಸಣ್ಣ ತೂತುಗಳು. ಮೇಲೆ ಪುಡಿ ಮತ್ತು ಬಿಸಿನೀರು ಹಾಕಿದರೆ ಕೆಳಗೆ ಡಿಕಾಕ್ಷನ್ ಇಳಿಯುತ್ತದೆಯಂತೆ.

ಒತ್ತಡ ಹೆಚ್ಚಿದಷ್ಟೂ ಸಾರ ಹೊರಗೆ ಬರುತ್ತದೆ ಎಂಬುದು ನನ್ನ ನಂಬಿಕೆ. ಅದು ಸಮಾಜಕ್ಕೂ ಸತ್ಯ. ಪುಡಿಯನ್ನು ಬಟ್ಟಲಿನ ತಳದಿಂದ ಗಟ್ಟಿಯಾಗಿ ಒತ್ತಿ ಇಟ್ಟಿಗೆಯ ಹಾಗೆ ಮಾಡಿದೆ. ಒಂದು ತಾಸಿಗೆ ಎಂಟು ಹನಿ. ಸಿಟ್ಟು ಬಂದು ಅಲುಗಾಡಿಸಿದೆ. ಮೇಲಿನ ಡಬ್ಬಿ ಕಳಚಿ ಒಲೆ, ಕಟ್ಟೆ, ಗೋಡೆ ಎಲ್ಲ ಕಪ್ಪಾಯಿತು. ಬಸ್ಸಿನ ಹೊತ್ತಾಗಿತ್ತು, ಹಾಗೇ ಓಡಿದೆ.

ಸಂಜೆ ಬಂದಾಗ ಎಲ್ಲ ಸ್ವಚ್ಛ ಇತ್ತು. ಫಿಲ್ಟರು ಒಣಗಿ ಕಿಟಕಿಯಲ್ಲಿ ಕೂತಿತ್ತು. ಮತ್ತೆ ಪ್ರಯತ್ನಿಸಿದೆ.

25 ಆಗಸ್ಟ್, ರವಿವಾರ

ಹುಕ್ಕೇರಿಯವರು ಬಂದರು, ಆರು ಮಂದಿ. ಹುಡುಗ ಬ್ಯಾಂಕಿನಲ್ಲಿ ಕ್ಲಾರ್ಕ್. ನಾನು ಕುರ್ಚಿಯಲ್ಲಿ ಕುಳಿತು ಎಲ್ಲರಿಗೂ ಒಂದೊಂದು ಷರತ್ತಿನ ಹಾಳೆ ಕೊಟ್ಟೆ. ಹುಡುಗನ ತಾಯಿ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. ಓದಿ ಹಾಳೆಯನ್ನು ನಾಲ್ಕಾಗಿ ಮಡಿಚಿದಳು.

"ಹೆಣ್ಣು ನೋಡಾಕ ಬಂದೇವೋ, ಹೋಟೆಲಿಗೆ ಭಟ್ಟನ್ನ ಸೇರ್ಸಾಕ ಬಂದೇವೋ?"

ಹುಡುಗ ಬಾಗಿಲಲ್ಲಿ ಬಿಟ್ಟ ತನ್ನ ಚಪ್ಪಲಿ ನೋಡುತ್ತಿದ್ದ. ಅವ್ವ ಕೊಟ್ಟ ನೀರನ್ನೂ ಕುಡಿಯದೆ ಹೋದರು. ನಂದಾ ಅತ್ತಿ ಹೊಸ್ತಿಲಲ್ಲಿ ನಿಂತು, "ಇನ್ನ ಎರಡು," ಎಂದಳು.

ಹುಡುಗನ ತಾಯಿ ಎಂಥ ಎದುರಾಳಿಯೆಂದು ಮೊದಲ ದಿನವೇ ಗೊತ್ತಾದದ್ದು ಒಳ್ಳೆಯದೇ ಆಯಿತು.

ಅಪ್ಪ ಮಾತು ಬಿಟ್ಟಿದ್ದಾನೆ. ಅವ್ವ ಅಂಗನವಾಡಿಯ ಮಕ್ಕಳಿಗಾಗಿ ಅಕ್ಕಿ ಆರಿಸುತ್ತ ಕೂತಿದ್ದಳು. ಅಲ್ಲಿ ಆಕೆ ಸಹಾಯಕಿ. ಮೂವತ್ತು ಮಕ್ಕಳ ಅಡುಗೆ ಮುಗಿಸಿ ಬಂದು ಮನೆಯದು ಮಾಡುತ್ತಾಳೆ. "ಆ ಹುಡುಗ ಪಾಪ, ಅಂಜಿದ್ದ," ಎಂದಳು. ಅಂಜುವವನ ಮೇಲೆ ಕರುಣೆ ತೋರಿಸಿಯೇ ನಮ್ಮ ಹೆಂಗಸರು ಹಾಳಾದದ್ದು ಎಂದೆ. ಅವಳು ಅಕ್ಕಿಯಲ್ಲಿ ಕಲ್ಲು ಹುಡುಕಿದಳು.

1 ಸೆಪ್ಟೆಂಬರ್, ರವಿವಾರ

ಬಂತು. ಬಂತು. ಕಾಫಿ ಬಂತು.

ಬರೆದಿಟ್ಟುಕೊಳ್ಳಬೇಕು. ಪುಡಿಯನ್ನು ಒತ್ತಬಾರದು, ತಟ್ಟಿ ಸಮ ಮಾಡಿದರೆ ಸಾಕು. ಕುದಿಯುವ ನೀರನ್ನು ಇಳಿಸಿ, ಗುಳ್ಳೆ ಅಡಗಿದ ಮೇಲೆ ಸುತ್ತಲೂ ಹಾಕಬೇಕು. ಮೊದಲು ಸ್ವಲ್ಪ, ಪುಡಿ ಉಬ್ಬುವಷ್ಟು. ಆಮೇಲೆ ಉಳಿದದ್ದು. ಮುಚ್ಚಿಟ್ಟು ಅತ್ತ ಹೋಗಬೇಕು. ಎಮ್ಮೆಯ ಹಾಲು ಕೆನೆ ಕಟ್ಟುವ ಮೊದಲೇ ಇಳಿಸಬೇಕು. ಬೋರ್‌ವೆಲ್ ನೀರಿಗಿಂತ ನಳದ ನೀರು ಉತ್ತಮ.

ಹನಿಗಳು ಈಗ ಒಂದೇ ಲಯದಲ್ಲಿ ಬೀಳುತ್ತವೆ. ಒತ್ತದೆ ಬಿಟ್ಟದ್ದೇ ಕಾರಣ. ಎರಡು ಲೋಟ ಸರಿಯಾಗಿ ಆಗುತ್ತದೆ. ಒಂದು ಅಪ್ಪನಿಗೆ, ಒಂದು ನನಗೆ. ಅಪ್ಪ ಪೂರ್ತಿ ಕುಡಿದ. ಅಷ್ಟೇ ಅಲ್ಲ, ಲೋಟ ಬಗ್ಗಿಸಿ ತಳ ನೋಡಿದ. ವಾರದ ಮೇಲೆ ಆಡಿದ ಮೊದಲ ಮಾತು: "ನಾಳೆ ಕಾಲೇಜಿಗೆ ಹೋಗೂ ಮುಂದ ಒಂದ್ ಲೋಟ ಮಾಡು." ಮೂವತ್ತು ವರ್ಷದ ಅಟೆಂಡರ್ ಕೆಲಸದಲ್ಲಿ ಅವನು ಪ್ರಿನ್ಸಿಪಾಲರ ಟೇಬಲ್ಲಿಗೆ ಎಷ್ಟು ಕಪ್ಪು ಒಯ್ದಿರಬಹುದು!

ಪಾತ್ರೆ ತೊಳೆಯುತ್ತಿದ್ದ ಅವ್ವ, "ವಾಸನಿ ಭಾರಿ ಐತೆವ್ವಾ," ಎಂದಳು. ಅವಳಿಗೆ ಚಹಾ ಸಾಕು, ಮೊದಲಿನಿಂದಲೂ.

15 ಸೆಪ್ಟೆಂಬರ್, ರವಿವಾರ

ಮೂಡಲಗಿಯವರು. ಹುಡುಗ ಹೈಸ್ಕೂಲ್ ಮಾಸ್ತರ. ಒಳಗೆ ಬಂದವನೇ ಷರತ್ತಿನ ಹಾಳೆ ಓದಿ ಎದ್ದು ನಿಂತು ಕೈ ಮುಗಿದ. "ಇಂಥ ಹೆಣ್ಣುಮಕ್ಕಳು ಬೇಕ್ರಿ ನಮ್ಮ ಸಮಾಜಕ್ಕ!" ಎಂದ. ಅಪ್ಪನ ಎದೆ ಉಬ್ಬಿತು.

ತೋಳು ಮಡಿಚಿ ಅಡುಗೆಮನೆಗೆ ನಡೆದ. ಗೆಳೆಯನೊಬ್ಬ ಮೊಬೈಲ್ ಹಿಡಿದು ಹಿಂದೆ ಹೋದ. ಷರತ್ತಿನ ಸುದ್ದಿ ಮೊದಲೇ ಕಿವಿಗೆ ಬಿದ್ದು, ಮಾಸ್ತರ ವಿಡಿಯೋ ನೋಡಿ ಕಲಿತು ಬಂದಿದ್ದನಂತೆ. ಒಳಗಿದ್ದ ಅವ್ವನಿಗೆ ಒಂದೇ ಸಮನೆ, "ಅತ್ತಿ, ಹಾಲು ಎಲ್ಲೈತ್ರಿ? ಅತ್ತಿ, ಒಲಿ ಹಚ್ರಿ. ಅತ್ತಿ, ಅರಬಿ ಕೊಡ್ರಿ, ಬಿಸಿ ಐತಿ. ಅತ್ತಿ, ನೀವು ಒಂದೀಟು ಬಾಜೂ ಸರೀರಿ, ವಿಡಿಯೋದಾಗ ಬರಾಕತ್ತೀರಿ."

ಕಾಫಿ ಚೆನ್ನಾಗಿತ್ತು. ಪ್ರಾಮಾಣಿಕವಾಗಿ ಬರೆಯುತ್ತೇನೆ: ನನ್ನದಕ್ಕಿಂತ ಚೆನ್ನಾಗಿತ್ತು. ಸಮಾನತೆ, ಸಹಜೀವನ, ಶ್ರಮದ ಘನತೆ, ಎಲ್ಲ ಸರಿಯಾದ ಮಾತು ಆಡಿದ. ನಾನು ಓದಿದ್ದನ್ನೆಲ್ಲ ಅವನೂ ಓದಿದ್ದಾನೆ. ಯೋಚಿಸಿ ಹೇಳುತ್ತೇನೆ ಎಂದೆ. ಹೂಂ ಎನ್ನುವ ಮನಸ್ಸಿದೆ.

ಅವರು ಹೋದ ಮೇಲೆ ಅವ್ವನ ಜೊತೆ ಈ ಬಗ್ಗೆ ಮಾತಾಡೋಣ ಎಂದರೆ ಅವಳು ಒಲೆಯ ಮೇಲೆ ಉಕ್ಕಿದ ಹಾಲು ಕೆರೆಯುತ್ತಿದ್ದಳು. ಬಹಳ ಹೊತ್ತು ಹಿಡಿಯಿತು. ಆಮೇಲೆ ನನಗೆ ನಿದ್ದೆ ಬಂತು.

18 ಸೆಪ್ಟೆಂಬರ್, ಬುಧವಾರ

ಪ್ರೆಸ್ಸಿನಲ್ಲಿ ಮಯೂರಿ ಮೊಬೈಲ್ ತೋರಿಸಿದಳು. ಮಾಸ್ತರ ನಮ್ಮ ಅಡುಗೆಮನೆಯಲ್ಲಿ ಕಾಫಿ ಸುರಿಯುತ್ತಿದ್ದಾನೆ, ಹಿಂದೆ ಸಂಗೀತ. ಕೊನೆಗೆ ಕುರ್ಚಿಯಲ್ಲಿ ಕುಳಿತ ನನ್ನ ಮುಖ, ಕೆಳಗೆ ನನ್ನ ಹೆಸರು, ನನ್ನ ಊರು. ನನ್ನನ್ನು ಕೇಳಿಲ್ಲ. ಸಾವಿರಾರು ಮಂದಿ ಅವನನ್ನು ಹೊಗಳಿದ್ದಾರೆ.

ಫೋನ್ ಮಾಡಿ ತೆಗೆಯಲು ಹೇಳಿದೆ. "ಒಳ್ಳೇ ಸಂದೇಶ ಐತಲ್ರಿ," ಎಂದ. ಕೇಳದೆ ಎತ್ತಿಕೊಂಡದ್ದು ಸಂದೇಶವಲ್ಲ, ಕಳ್ಳತನ ಎಂದು ಹೇಳಿ ಒಲ್ಲೆ ಎಂದೆ.

ಎರಡು ಹೋಯಿತು.

29 ಸೆಪ್ಟೆಂಬರ್, ರವಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಣಗಲಾದಿಂದ ಇಬ್ಬರೇ ಬಂದರು, ಸ್ವಪ್ನಿಲ್ ಮತ್ತು ಅವನ ಅಕ್ಕ ಸುಮನ. ಹೈವೇ ಪಕ್ಕದಲ್ಲಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳಿಗೆ ಹೊಸ ತಂತಿ ಸುತ್ತುತ್ತಾನೆ. ಉಗುರಿನ ಸಂದಿಯಲ್ಲಿ ವಾರ್ನಿಷ್. ಹಾಳೆಯನ್ನು ಎರಡು ಸಲ ಓದಿದ. ಸುಮನ ನಕ್ಕು, "ನಮ್ಮಂವ ಮೋಟರ್ ಬಿಚ್ತಾನ, ಜೋಡಸ್ತಾನ. ಹಾಲ್ ಮಾತ್ರ ಉಕ್ಕಸ್ತಾನ ನೋಡ್ರಿ," ಎಂದಳು.

ನನ್ನ ಕುರ್ಚಿಯಿಂದ ಅಡುಗೆಮನೆ ನೇರ ಕಾಣುತ್ತದೆ. ಅವನು ಮೊದಲು ಕೈ ತೊಳೆದ. ಫಿಲ್ಟರಿನ ಮೇಲಿನ ಡಬ್ಬಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ.

"ಎಷ್ಟ್ ದಿನದಿಂದ ಬಳಸಾಕತ್ತೀರ್ರಿ ಇದನ್ನ?"

"ಎರಡ್ ತಿಂಗಳಾಕ ಬಂತು," ಎಂದೆ ಕುರ್ಚಿಯಿಂದಲೇ.

"ಒಂದ್ ತೂತೂ ಕಟ್ಟಿಲ್ಲಲ್ರಿ! ಯಾರ್ ತೊಳಿತಾರ?"

ಅವ್ವ ಅಲ್ಲೇ ಮೂಲೆಯಲ್ಲಿ ನಿಂತಿದ್ದಳು. "ನಾನ ತೊಳಿತೇನಪಾ. ದಿನಾ ಸೂಜಿ ಹಾಕಿ ಒಂದೊಂದ ಬಿಡಸ್ತೇನಿ. ಇಲ್ಲಂದ್ರ ಹನಿ ಬೀಳವಲ್ದು ಅಂತ ಹುಡುಗಿ ಸಿಟ್ಟಾಗ್ತಾಳ."

"ದಿನಾ?"

"ದಿನಾ."

ಅವನು ಹಾಳೆಯನ್ನು ಮತ್ತೆ ತೆಗೆದು ನೋಡಿದ. "ಇಲ್ಲಿ ಮಾಡೂದು ಐತಿ, ಕೊಡೂದು ಐತಿ. ತೊಳ್ಯೂದು ಬರದಿಲ್ರಿ," ಎಂದ. ಅಣಕಿಸಲಿಲ್ಲ. ಮೋಟರಿನಲ್ಲಿ ಒಂದು ಸ್ಕ್ರೂ ಇಲ್ಲದ್ದನ್ನು ಹೇಳುವ ಹಾಗೆ ಹೇಳಿದ. ಅದೇ ಹೆಚ್ಚು ಉರಿಯಿತು.

ಆಮೇಲೆ ಮಾಡಿದ. ಅಕ್ಕ ಹೇಳಿದಂತೆ ಹಾಲು ಉಕ್ಕಿತು. ಉಕ್ಕಿದ್ದನ್ನು ತಾನೇ ಒರೆಸಿದ. ಲೋಟ ಜೋಡಿಸುತ್ತ, "ಎಲ್ಲಾರಿಗೂ ಅಂತ ಬರದೀರಿ, ಅಂದ್ರ ಐದು," ಎಂದು ಎಣಿಸಿ, "ಅವ್ವಾರ, ನಿಮಗ ಸಕ್ರಿ ಎಷ್ಟ್ರಿ?" ಎಂದು ಕೇಳಿದ.

ಅವ್ವ ನನ್ನ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. "ನನಗೇನ್ ಗೊತ್ತಪಾ. ನಾ ಇನ್ನೂ ಕುಡದಽ ಇಲ್ಲ. ನಂಗ ಬ್ಯಾಡ, ಚಹಾ ಸಾಕು."

ಸುಮನ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ನೋಡಿದಳು.

ಕಾಫಿ ಕೆಟ್ಟದಾಗಿತ್ತು. ಆರಿತ್ತು, ತಳದಲ್ಲಿ ಗಸಿ. ಕಾಫಿ ಸರಿಯಿಲ್ಲ, ನಪಾಸು ಎಂದು ಎಲ್ಲರ ಮುಂದೆ ಹೇಳಿದೆ. ಷರತ್ತು ಷರತ್ತೇ. ಅವನು, "ಖರೆ ಐತ್ರಿ, ಕೆಟ್ಟೈತಿ," ಎಂದು ಒಪ್ಪಿಕೊಂಡು ತನ್ನ ಲೋಟವನ್ನು ಪೂರ್ತಿ ಕುಡಿದು ಹೋದ. ಅವ್ವನ ಪಾಲಿನದು ಕಟ್ಟೆಯ ಮೇಲೇ ಉಳಿಯಿತು.

ಮೂರೂ ಮುಗಿದವು. ನಂದಾ ಅತ್ತಿಗೆ ಅಪ್ಪ ಆಗಲೇ ಫೋನ್ ಮಾಡಿದ್ದಾನೆ. ದಸರಾದ ಮರುದಿನ ನಾಲ್ಕನೆಯವರು. ಟ್ರೇ ನನ್ನ ಕೈಗೆ.

30 ಸೆಪ್ಟೆಂಬರ್, ಸೋಮವಾರ

ಅವನಿಗೆ ನಮ್ಮ ಮನೆಯ ವಿಷಯ ಏನು ಗೊತ್ತು.

3 ಅಕ್ಟೋಬರ್, ಗುರುವಾರ

ಇಂದು ಫಿಲ್ಟರನ್ನು ನಾನೇ ತೊಳೆದೆ. ಮಯೂರಿಗೆ ಮರಳಿ ಕೊಡಬೇಕಲ್ಲ, ಅದಕ್ಕೆ.

ಕಿಟಕಿಯ ಚೌಕಟ್ಟಿಗೆ ಚುಚ್ಚಿಟ್ಟ ಸೂಜಿ ಸಿಕ್ಕಿತು. ಕಣ್ಣಿಗೆ ಕಾಣಲೆಂದು ಅವ್ವ ಅದಕ್ಕೆ ಕೆಂಪು ದಾರ ಕಟ್ಟಿದ್ದಾಳೆ. ತೂತುಗಳನ್ನು ಎಣಿಸುತ್ತ ಹೋದೆ. ನೂರಾ ಹದಿನಾಲ್ಕಕ್ಕೆ ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದೆ. ಬೆರಳ ತುದಿಗೆ ಎರಡು ಸಲ ಚುಚ್ಚಿತು. ಮುಕ್ಕಾಲು ತಾಸು ಹಿಡಿಯಿತು. ಬಸ್ಸು ತಪ್ಪಿತು.

ಅವ್ವ ಬಂದು ನೋಡಿ, "ಬಿಡು, ನಾ ಮಾಡ್ತೇನಿ. ನಿಂಗ ಹೊತ್ತಾತು," ಎಂದಳು. ಅವಳ ಬೆರಳುಗಳ ತುದಿ ಬೂದಿ ಸಾಬೂನಿಗೆ ಬಿರಿದಿವೆ. ಯಾವಾಗಿನಿಂದಲೋ ಏನೋ.

ಮಯೂರಿಗೆ, ಇನ್ನೊಂದು ವಾರ ಇಟ್ಟುಕೊಳ್ಳುತ್ತೇನೆ ಎಂದೆ.

6 ಅಕ್ಟೋಬರ್, ರವಿವಾರ

ಬೆಳಿಗ್ಗೆ ಮೂರು ಲೋಟಕ್ಕೆ ಇಟ್ಟೆ. ಪುಡಿ ಹೆಚ್ಚು, ನೀರು ಹೆಚ್ಚು, ಹೊತ್ತೂ ಹೆಚ್ಚು. ಅವ್ವನಿಗೆ ಕೂತುಕೋ ಎಂದೆ.

"ಯಾಕ, ಏನಾತು?"

"ಏನೂ ಆಗಿಲ್ಲ. ಕುಂದರು."

"ರೊಟ್ಟಿ ಹಿಟ್ಟು ನಾದೂದೈತಿ."

"ಕುಂದರವ್ವಾ."

ಹೊಸ್ತಿಲ ಮೇಲೆ, ಈಗಲೋ ಆಗಲೋ ಏಳುವವಳಂತೆ ಕೂತಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಔಷಧಿ ಕುಡಿದಂತೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಮುಖ ಕಿವುಚಿಕೊಂಡಿತು.

"ಹೆಂಗೈತಿ?"

"ಕಹಿ ಐತಿ." ಇನ್ನೊಂದು ಗುಟುಕು ಕುಡಿದಳು. "ತೊಳ್ಯಾಗ ದಿನಾ ವಾಸನಿ ಬರ್ತಿತ್ತಲ್ಲ, ಅದರಂಗ ಇರಬೇಕು ರುಚಿ ಅಂತ ತಿಳದಿದ್ನಿ. ಬ್ಯಾರೇನ ಐತಿ."

"ಚಹಾ ಮಾಡ್ಲಿ?"

"ಬ್ಯಾಡ ತಡಿ. ಒಂಚೂರು ಸಕ್ರಿ ಹಾಕು."

ಹಾಕಿದೆ. ಕುಡಿದಳು. ಮತ್ತೆ ಲೋಟ ಮುಂದೆ ಚಾಚಿದಳು, ಮತ್ತೊಂಚೂರು ಹಾಕಿದೆ. ಆಮೇಲೆ ಅವಳು ಆ ಹುಡುಗನ ಸುದ್ದಿ ತೆಗೆದಳು. ನಾನು ಮಾತು ಬೇರೆ ಕಡೆ ತಿರುಗಿಸಿದೆ. ಅಂಗನವಾಡಿಯಲ್ಲಿ ಒಂದು ಕೂಸು ಇವಳ ಸೆರಗು ಬಿಡುವುದಿಲ್ಲವಂತೆ. ಹಾಗೇ ಏನೇನೋ ಹೇಳಿದಳು. ಅಪ್ಪ ಹೊರಗಿನಿಂದ ಎರಡು ಸಲ ರೊಟ್ಟಿ ಎಲ್ಲಿ ಎಂದು ಕೂಗಿದ.

ಕಲಿತದ್ದು: ಅವ್ವನಿಗೆ ಸಕ್ಕರೆ ಒಂದೂವರೆ ಚಮಚ.

8 ಅಕ್ಟೋಬರ್, ಮಂಗಳವಾರ

ತತ್ವದ ಪ್ರಶ್ನೆಯೊಂದನ್ನು ಯೋಚಿಸುತ್ತಿದ್ದೇನೆ. ಪ್ರಶ್ನೆಪತ್ರಿಕೆಯಲ್ಲೇ ತಪ್ಪಿದ್ದರೆ ಮರುಪರೀಕ್ಷೆ ಮಾಡುವುದು ನಿಯಮ. ಬೋರ್ಡ್ ಪರೀಕ್ಷೆಯಲ್ಲೂ ಹಾಗೆಯೇ. ಹಾಳೆಯಲ್ಲಿ ಒಂದು ಸಾಲು ಬಿಟ್ಟಿತ್ತು. ಬಿಟ್ಟವಳು ನಾನು. ಆದ್ದರಿಂದ ಮೂರನೆಯವರಿಗೆ ಅನ್ಯಾಯವಾಗಿದೆ. ಇದರಲ್ಲಿ ವೈಯಕ್ತಿಕ ಏನೂ ಇಲ್ಲ.

ನಂದಾ ಅತ್ತಿಗೆ ಫೋನ್ ಮಾಡಿದೆ. ನಾಲ್ಕನೆಯವರನ್ನು ಬಿಡು, ಕಣಗಲಾದವರನ್ನೇ ಮತ್ತೆ ಕರೆ, ಟ್ರೇ ನಾನು ಹಿಡಿಯುತ್ತೇನೆ ಎಂದೆ.

"ಅಯ್ಯ ನನ್ನವ್ವ! ನಪಾಸ್ ಮಾಡಿದಾಕಿ ನೀನ ಕರ್ಯಾಕತ್ತಿ? ಅಂವಾ ಬರ್ತಾನಂತ ಮಾಡೀಯೇನ?"

ಬರಲಿಕ್ಕಿಲ್ಲ. ಅದೂ ಅವನ ಹಕ್ಕು.

9 ಅಕ್ಟೋಬರ್, ಬುಧವಾರ

ಬರುತ್ತಾನಂತೆ.

13 ಅಕ್ಟೋಬರ್, ರವಿವಾರ

ಟ್ರೇ ಹಿಡಿದೆ. ಕೊಟ್ಟ ಮಾತು.

ಬೆಳಗಿನಿಂದ ಎರಡು ಸಲ ಡಿಕಾಕ್ಷನ್ ಇಳಿಸಿದ್ದೆ. ಆರು ಲೋಟ. ಹಾಲು ಉಕ್ಕಲಿಲ್ಲ. ನನ್ನ ಕುರ್ಚಿಯನ್ನು ನಡುಮನೆಯಲ್ಲಿ ಫೋಟೋದ ಕೆಳಗೆ ಹಾಕಿ ಅವ್ವನನ್ನು ಕೂರಿಸಿದೆ. ಅವಳು ಮೂರು ಸಲ ಏಳಲು ನೋಡಿದಳು, ಮೂರೂ ಸಲ ಭುಜ ಒತ್ತಿ ಕೂರಿಸಿದೆ. ನಾಲ್ಕನೆಯ ಸಲ ಅವಳೇ ಏಳಲಿಲ್ಲ. ಬೆನ್ನನ್ನು ಪೂರ್ತಿ ಆನಿಸಿ ಕೂತಳು.

ಸ್ವಪ್ನಿಲ್, ಸುಮನ, ನಂದಾ ಅತ್ತಿ, ಅಪ್ಪ, ಎಲ್ಲರೂ ನೋಡುತ್ತಿದ್ದರು. ಟ್ರೇ ತೂಕವೇನೂ ಇರಲಿಲ್ಲ. ಆದರೆ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ನೇರವಾಗಿ ಅವ್ವನ ಮುಂದೆ ಹೋಗಿ ಬಗ್ಗಿದೆ.

"ಏ ಯಶೋ, ಹುಡುಗ ಅಲ್ಲಿ ಕುಂತಾನ!" ಎಂದಳು ಅತ್ತಿ.

"ಗೊತ್ತೈತಿ ಅತ್ತಿ. ಟ್ರೇ ಹಿಡಿ ಅಂದಿದ್ರಿ, ಹಿಡದೇನಿ. ಮೊದಲ ಯಾರಿಗೆ ಅಂತ ಮಾತಾಗಿರಲಿಲ್ಲ."

ಅವ್ವ ಲೋಟ ತೆಗೆದುಕೊಂಡಳು. ಕುಡಿದು ತಲೆಯಾಡಿಸಿದಳು. ಒಂದೂವರೆ ಚಮಚ, ಸರಿಯಾಗಿತ್ತು. ಅಪ್ಪನಿಗೆ ಕೊನೆಯದು ಉಳಿಯಿತು.

ಸ್ವಪ್ನಿಲ್ ಕುಡಿಯುತ್ತ, "ಹೋದ ಸಲ ನಂದು ಕೆಟ್ಟಿತ್ತು ಅಂದ್ರಲ್ಲ. ಎಷ್ಟ್ ಕೆಟ್ಟಿತ್ತು ಅಂತ ಈಗ ತಿಳೀತ್ರಿ," ಎಂದ. ಸುಮನ ನಕ್ಕು ಕೆಮ್ಮಿದಳು. ಅವನು ಮತ್ತೆ, "ಈ ಸಲ ನಾ ಪಾಸೋ, ನಪಾಸೋ?" ಎಂದ.

"ಮುಂದಿನ ರವಿವಾರ ನಾವು ನಿಮ್ಮ ಮನಿಗೆ ಬರ್ತೇವಿ," ಎಂದೆ. "ಅಡಗಿಮನಿ ನೋಡಾಕ. ಅವ್ವನೂ ಬರ್ತಾಳ."

"ಬರ್ರಿ. ಫಿಲ್ಟರ್ ತಂದಿಟ್ಟಿರ್ತೇನಿ. ಸೂಜಿನೂ."

ಅತ್ತಿ ಚೀಲದಿಂದ ಕ್ಯಾಲೆಂಡರ್ ತೆಗೆದಳು. ಇನ್ನೂ ಅಷ್ಟು ದೂರ ಹೋಗಬೇಡ ಎಂದೆ. ಅವಳು ತೆಗೆದ ಕ್ಯಾಲೆಂಡರನ್ನು ಮಡಿಚಲೂ ಇಲ್ಲ.

ಆಗ ಸ್ವಪ್ನಿಲ್ ಎದ್ದು ಖಾಲಿ ಲೋಟಗಳನ್ನು ಒಂದರೊಳಗೊಂದು ಇಡತೊಡಗಿದ. ಅಪ್ಪ ಗಾಬರಿಯಿಂದ ಎದ್ದು, "ಏ ಬ್ಯಾಡ ಬ್ಯಾಡ, ನೀವು ಮನಿಗೆ ಬಂದವ್ರು," ಎನ್ನುತ್ತ ಅವನ ಕೈಯಿಂದ ಕಸಿದುಕೊಂಡ. ಕಸಿದುಕೊಂಡ ಮೇಲೆ ಏನು ಮಾಡಬೇಕೋ ತಿಳಿಯದೆ, ವಿಹಾರದ ಬಿಳಿ ಅಂಗಿಯಲ್ಲಿ ಆರು ಲೋಟ ಹಿಡಿದು ನಡುಮನೆಯಲ್ಲಿ ನಿಂತ. ಅವ್ವನ ಕಡೆ ನೋಡಿದ. ಅವಳು ಎದ್ದು ಬಂದು ತೆಗೆದುಕೊಳ್ಳಲೆಂದು ಕಾದ. ನಾನೂ ಕಾದೆ.

ಅವ್ವ ಕುರ್ಚಿಯಲ್ಲೇ ಇದ್ದಳು.

"ಸುಮ್ಮ ಇಟ್ಟು ಬರಬ್ಯಾಡ್ರಿ, ಗಸಿ ಒಣಗ್ತೈತಿ," ಎಂದಳು. "ಫಿಲ್ಟರೂ ಅಲ್ಲೇ ಐತಿ. ಸೂಜಿ ಕಿಡಕ್ಯಾಗ ಐತ್ರಿ, ಕೆಂಪ್ ದಾರದ್ದು."